ಬನ್ನಿಯ ಮರವೂ ಬೊಂಬೆಯ ಬಟ್ಟೆಯೂ

ವಿಜಯದಶಮಿಯ ದಿನ ಮೈಸೂರಿನ ಅರಮನೆಯಿಂದ ಹೊರಟ ಜಂಬೂ ಸವಾರಿಯು ಸುಮಾರು ೫ ಕಿಲೋಮೀಟರು ನಡೆದು ಬನ್ನಿಮಂಟಪದಲ್ಲಿ ಕೊನೆಗಾಣುತ್ತದೆ. ರಾಜರ ಕಾಲದಲ್ಲಿ ಮಹಾರಾಜರು ಅಲ್ಲಿ ಶಮೀವೃಕ್ಷಕ್ಕೆ ಪೂಜೆ ಸಲ್ಲಿಸಿ, ಸೈನ್ಯದ ಕವಾಯತನ್ನು ನೋಡಿ, ಪಂಜಿನ ಬೆಳಕಿನಲ್ಲಿ ಹಿಂದಿರುಗುತ್ತಿದ್ದರು. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟರೆಂಬುದೇ ಈ ಪೂಜೆಗೆ ಮೂಲ. ಇಷ್ಟು ಕಥೆಯನ್ನು ಮನೆಯ ಮಗುವೂ ಬಲ್ಲದು. ಆದರೆ ವಿರಾಟಪರ್ವದಲ್ಲಿ ಈ ಮರದ ಆಸುಪಾಸಿನಲ್ಲಿಯೇ ಬರುವ ಬೇರೆ ಎರಡು ಸಂಗತಿಗಳಿವೆ. ಎರಡೂ ನಗೆಗೆ ಸಂಬಂಧಿಸಿದವು. ಎರಡರಲ್ಲಿಯೂ ಹೆಂಗಸರ ಪ್ರಸ್ತಾಪವುಂಟು. ಎರಡೂ ಉತ್ಸವದ ಸಡಗರದಲ್ಲಿ ಹಿಂದೆ ಬಿದ್ದಿವೆ.

ಆಯುಧಗಳನ್ನು ಮರಕ್ಕೆ ಕಟ್ಟಿದ ಪಾಂಡವರು ಅವುಗಳೊಡನೆ ಒಂದು ಶವವನ್ನೂ ಕಟ್ಟಿದರು. ದಾರಿಯಲ್ಲಿ ಕಂಡ ದನಗಾಹಿ ಕುರಿಗಾಹಿಗಳಿಗೆಲ್ಲ, ಅದು ತಮ್ಮ ತಾಯಿಯೆಂದೂ, ಆಕೆಗೆ ೧೮೦ ವರ್ಷ ವಯಸ್ಸಾಗಿತ್ತೆಂದೂ, ಸತ್ತವರನ್ನು ಹೀಗೆ ಮರಕ್ಕೆ ಕಟ್ಟುವುದು ತಮ್ಮ ಕುಲಾಚಾರವೆಂದೂ ಹೇಳುತ್ತ ಹೋದರು. ಸತ್ಯಸಂಧನಾದ ಧರ್ಮರಾಜನು ಜೊತೆಯಲ್ಲಿರುವಾಗಲೇ ಈ ಮಾತು ಹೊರಟಿತೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿಲ್ಲ. ಗಾಂಡೀವವು ಒಂದು ವರ್ಷ ಪರ್ಯಂತ ಮುದುಕಿಯೊಬ್ಬಳ ಹೆಸರಿನಲ್ಲಿ ಕ್ಷೇಮವಾಗಿತ್ತು. ಯಾರೂ ಅತ್ತ ತಿರುಗಿ ನೋಡಲಿಲ್ಲ.

ಎರಡನೆಯದು ಉತ್ತರಗೋಗ್ರಹಣದ ಸಂದರ್ಭ. ಅಂತಃಪುರದ ಹೆಂಗಸರ ಮುಂದೆ ಉತ್ತರಕುಮಾರನು ತನ್ನ ಪೌರುಷವನ್ನು ಕೊಚ್ಚಿಕೊಂಡನು. ಒಲೆಯ ಮುಂದಿನ ಈ ಪೌರುಷವು ಕನ್ನಡದಲ್ಲಿ ಗಾದೆಯಾಗಿ ಉಳಿದಿದೆ. ಸಾರಥಿಯಾಗಲೊಪ್ಪಿದ ಬೃಹನ್ನಳೆಯು ಕವಚವನ್ನು ಬೇಕೆಂದೇ ತಪ್ಪಾಗಿ ತೊಟ್ಟು ಹುಡುಗಿಯರನ್ನು ನಗಿಸಿದಳು. ಹೊರಡುವ ಹೊತ್ತಿಗೆ ರಾಜಪುತ್ರಿಯಾದ ಉತ್ತರೆಯೂ ಅವಳ ಗೆಳತಿಯರೂ ಕೇಳಿದ್ದು ಗೋವುಗಳನ್ನಲ್ಲ, ಕೀರ್ತಿಯನ್ನೂ ಅಲ್ಲ. ಗೆದ್ದು ಬರುವಾಗ ಕೌರವವೀರರ ನಯವಾದ ಬಣ್ಣಬಣ್ಣದ ಬಟ್ಟೆಗಳನ್ನು ತಮ್ಮ ಬೊಂಬೆಗಳಿಗಾಗಿ ತರಬೇಕೆಂದು. ಅರ್ಜುನನು ನಕ್ಕು ಒಪ್ಪಿದನು. ಒಪ್ಪಿದ್ದನ್ನು ಮರೆಯಲೂ ಇಲ್ಲ. ಸಮ್ಮೋಹನಾಸ್ತ್ರದಿಂದ ಕುರುಸೇನೆಯೆಲ್ಲ ಮೈಮರೆತಾಗ, ದ್ರೋಣ ಕೃಪರ ಬಿಳಿಯ ಬಟ್ಟೆ, ಕರ್ಣನ ಹಳದಿಯ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿಯ ಬಟ್ಟೆ, ಇವನ್ನು ತೆಗೆದುಕೊಂಡು ಬರುವಂತೆ ಉತ್ತರನನ್ನು ಕಳುಹಿಸಿದನು. ಅಸ್ತ್ರಕ್ಕೆ ಪ್ರತಿಯನ್ನು ಬಲ್ಲ ಭೀಷ್ಮನ ಹತ್ತಿರ ಮಾತ್ರ ಸುಳಿಯಬೇಡವೆಂದು ಎಚ್ಚರಿಸಿದನು. ಪುರಕ್ಕೆ ಹಿಂದಿರುಗಿದ ಮೇಲೆ ಆ ಬಟ್ಟೆಗಳನ್ನು ತಾನೇ ಉತ್ತರೆಯ ಕೈಗೆ ಕೊಟ್ಟನು. ಒಂದು ಸೇನೆಯ ಪರಾಭವಕ್ಕೆ ಹುಡುಗಿಯರ ಆಟದ ಸಾಮಾನಿಗಿಂತ ಮಿಗಿಲಾದ ಪ್ರಮಾಣಪತ್ರ ಬೇಕಾಗಲಿಲ್ಲ.

ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಮೆಟ್ಟಿಲು ಕಟ್ಟಿ ಕೂರಿಸುವ ಬೊಂಬೆಗಳಿಗೂ ಉತ್ತರೆಯ ಬೊಂಬೆಗಳಿಗೂ ಸಂಬಂಧವನ್ನು ಸಾಧಿಸಬೇಕಾದ ಅಗತ್ಯವಿಲ್ಲ. ಆದರೂ ಬೀದಿಯಲ್ಲಿ ಬನ್ನಿಯ ಕಡೆಗೆ ಮೆರವಣಿಗೆ ನಡೆಯುವಾಗ ಮನೆಯೊಳಗೆ ಹೆಂಗಸರು ಜರಿಯ ಚೂರು, ರೇಷ್ಮೆಯ ತುಂಡುಗಳಿಂದ ಪಟ್ಟದ ರಾಜನಿಗೂ ರಾಣಿಗೂ ಉಡುಗೆ ಹೊಲಿದಿಟ್ಟಿರುವುದು, ಅವರ ಕೆಳಗೆ ಹೊಟ್ಟೆ ಬೆಳೆಸಿದ ಶೆಟ್ಟಿಯನ್ನು ಅಂಗಡಿಯ ಸಮೇತ ಕೂರಿಸಿ ಮಕ್ಕಳನ್ನು ನಗಿಸುವುದು, ಇದನ್ನು ನೋಡಿದವರಿಗೆ ಆ ಕಥೆ ನೆನಪಾಗದಿರದು. ಸೂಜಿಯೂ ನಗೆಯೂ ಮನೆಯೊಳಗಿನ ವಸ್ತುಗಳೆಂದು ಲೋಕವು ಎಣಿಸಿದೆ. ಬನ್ನಿಯ ಮರದ ಮೇಲಿನ ಮುದುಕಿಯಂತೆ, ಅವುಗಳಲ್ಲಿ ಆಯುಧವಿದ್ದೀತೆಂದು ಯಾರೂ ಶಂಕಿಸುವುದಿಲ್ಲ. ಸ್ತ್ರೀಯರು ಮತದಾನದ ಹಕ್ಕನ್ನು ಸಂಪಾದಿಸಿದ ಚರಿತ್ರೆಯನ್ನು ನೋಡಿದರೆ, ಈ ಎರಡೇ ಅಲ್ಲಿ ಆಯುಧಗಳಾಗಿ ನಿಂತದ್ದು ಕಾಣುತ್ತದೆ. ಆದಕಾರಣ ಆ ಚರಿತ್ರೆಯನ್ನು ಗೌರವಿಸಬೇಕಾದರೂ ಕಲ್ಲಿನ ವಿಗ್ರಹಕ್ಕಿಂತ ಬಟ್ಟೆಯೂ ನಗೆಯೂ ಹೆಚ್ಚು ಯೋಗ್ಯ.

ಮೈಸೂರಿನಲ್ಲಿ ದಸರೆಗೂ ಪ್ರಜಾಪ್ರತಿನಿಧಿತ್ವಕ್ಕೂ ಮೊದಲಿನಿಂದ ನಂಟು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ಅಕ್ಟೋಬರ್ ೭ರಂದು, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಕೂಡಿತು. ೧೪೪ ಮಂದಿ ಸದಸ್ಯರು. ದಸರೆಗೆ ಊರೂರಿನ ಪ್ರಮುಖರು ಹೇಗೂ ಮೈಸೂರಿಗೆ ಬರುತ್ತಿದ್ದರಾದ್ದರಿಂದ ಸಭೆಯೂ ಆ ದಿನಗಳಲ್ಲಿಯೇ ಸೇರುವ ಪದ್ಧತಿಯಾಯಿತು. ಮೊದಮೊದಲು ಸದಸ್ಯರನ್ನು ಸರ್ಕಾರದವರು ಗೊತ್ತುಮಾಡುತ್ತಿದ್ದರು; ೧೮೯೧ರಿಂದ ಚುನಾವಣೆ ಬಂದಿತು. ಸಭೆಗೆ ಬಂದವರು ಜರತಾರಿ ರುಮಾಲು ಸುತ್ತಿ, ಉದ್ದನೆಯ ಅಂಗಿ ತೊಟ್ಟು, ಭೂಕಂದಾಯ, ಕೆರೆಯ ತೂಬು, ರಸ್ತೆಗಳ ವಿಷಯವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದರು. ರುಮಾಲು ಉದ್ದನೆಯ ಬಟ್ಟೆಯೇ ಸರಿ. ಸೀರೆ ಅದಕ್ಕಿಂತ ಕಿರಿದಲ್ಲ. ಆದರೆ ಒಂದು ಬಟ್ಟೆಗೆ ಮಾತಿತ್ತು, ಇನ್ನೊಂದಕ್ಕೆ ಇರಲಿಲ್ಲ; ಸೀರೆಯುಟ್ಟವರು ಮಾಳಿಗೆಗಳ ಮೇಲಿನಿಂದಲೂ ಜಾಲಂಧ್ರಗಳ ಹಿಂದಿನಿಂದಲೂ ಮೆರವಣಿಗೆಯನ್ನು ನೋಡಿದರು.

ಸಭೆ ಹುಟ್ಟಿದ ಆ ೧೮೮೧ರಲ್ಲಿಯೇ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆಯೂ ಸ್ಥಾಪಿತವಾಯಿತೆಂಬುದು ಸ್ಮರಣೀಯ. ಇನ್ನೂ ವಿಚಿತ್ರವಾದ ಸಂಗತಿಯೊಂದುಂಟು. ಚಾಮರಾಜ ಒಡೆಯರವರು ಅಕಾಲದಲ್ಲಿ ತೀರಿಕೊಂಡ ಮೇಲೆ, ೧೮೯೫ರಿಂದ ೧೯೦೨ರವರೆಗೆ ವಾಣೀವಿಲಾಸ ಸನ್ನಿಧಾನದವರಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ಸಂಸ್ಥಾನವನ್ನು ದಕ್ಷತೆಯಿಂದ ಆಳಿದರು. ಹಾಗೆಂದರೆ, ಸ್ತ್ರೀಯೊಬ್ಬರು ೭ ವರ್ಷ ಇಡೀ ರಾಜ್ಯವನ್ನಾಳಬಹುದಾಗಿದ್ದ ನಾಡಿನಲ್ಲಿ, ಅದೇ ರಾಜ್ಯದ ಒಬ್ಬ ಪ್ರತಿನಿಧಿಯನ್ನು ಆರಿಸಲು ಯಾವ ಸ್ತ್ರೀಗೂ ಅಧಿಕಾರವಿರಲಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ವ್ಯಾಘಾತವೆಂದು ಹೆಸರು. ಮನೆಯ ಮಾತಿನಲ್ಲಿ ನಗೆಪಾಟಲು.

ಇಂತಹ ನಗೆಪಾಟಲನ್ನೇ ಹಿಡಿದು ಬೀದಿಗೆ ತಂದವರು ಇಂಗ್ಲೆಂಡಿನ ಸ್ತ್ರೀಯರು. ಅವರ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದಕ್ಕೆ ಕಾರಣವಿದೆ: ಭಾರತದಲ್ಲಿ ಈ ಬೇಡಿಕೆಯನ್ನು ಮೊದಲು ಬರೆಹಕ್ಕಿಳಿಸಿದಾಕೆ ಅವರ ಗುಂಪಿನಲ್ಲಿ ಸೆರೆಮನೆ ಕಂಡವಳು. ವೋಟು ಕೇಳಿದ ಹೆಂಗಸರಿಗೆ ಅಲ್ಲಿ ಸಿಕ್ಕಿದ ಮೊದಲ ಉತ್ತರ ಹಾಸ್ಯ. ಗಂಡನು ಮಗುವನ್ನು ಎತ್ತಿಕೊಂಡು ಪಾತ್ರೆ ತೊಳೆಯುತ್ತಿರುವಂತೆಯೂ ಹೆಂಡತಿ ಟೋಪಿ ಹಾಕಿಕೊಂಡು ಸಭೆಗೆ ಹೊರಟಿರುವಂತೆಯೂ ಚಿತ್ರಿಸಿದ ಅಂಚೆ ಕಾರ್ಡುಗಳು ಅಂಗಡಿಗಳಲ್ಲಿ ಮಾರಾಟವಾದವು. ೧೯೦೬ರಲ್ಲಿ ಡೈಲಿ ಮೇಲ್ ಪತ್ರಿಕೆಯು ಮತದಾನವೆಂಬರ್ಥದ ‘ಸಫ್ರೇಜ್’ ಶಬ್ದಕ್ಕೆ ಕಿರಿದೆಂಬುದನ್ನು ಸೂಚಿಸುವ ಪ್ರತ್ಯಯವನ್ನು ಅಂಟಿಸಿ ‘ಸಫ್ರಜೆಟ್’ ಎಂದು ಅಣಕವಾಡಿತು. ಅಣಕಕ್ಕೆ ಗುರಿಯಾದವರು ಸಿಟ್ಟಾಗಲಿಲ್ಲ. ಆ ಹೆಸರನ್ನೇ ತೆಗೆದು ತೊಟ್ಟುಕೊಂಡು, ೧೯೧೨ರಲ್ಲಿ ತಮ್ಮ ಪತ್ರಿಕೆಗೂ ಅದನ್ನೇ ಇಟ್ಟರು. ಬೈಗುಳವನ್ನು ಬಿರುದು ಮಾಡಿಕೊಂಡವರನ್ನು ಮತ್ತೆ ಬೈಯುವುದು ಕಷ್ಟ.

ಮನೆಯಲ್ಲಿ ಕುಳಿತು ಹೊಲಿಗೆ ಮಾಡಿಕೊಂಡಿರಿ ಎಂಬುದು ಎರಡನೆಯ ಉತ್ತರ. ಅವರು ಹಾಗೆಯೇ ಮಾಡಿದರು. ಬಣ್ಣದ ಗಾಜಿನ ಕೆಲಸದಲ್ಲಿ ನುರಿತ ಮೇರಿ ಲೌಂಡ್ಸ್ ಎಂಬ ಕಲಾವಿದೆ ೧೯೦೭ರಲ್ಲಿ ಕಲಾವಿದೆಯರ ಸಂಘವೊಂದನ್ನು ಕಟ್ಟಿದಳು. ೧೯೦೮ರ ಜೂನ್ ೧೩ರಂದು ಲಂಡನ್ನಿನ ಬೀದಿಗಳಲ್ಲಿ ನಡೆದ ಮೆರವಣಿಗೆಗಾಗಿ ಈ ಸಂಘದವರು ೭೦ಕ್ಕೂ ಹೆಚ್ಚು ಬಾವುಟಗಳನ್ನು ಕಸೂತಿ ಹಾಕಿ ಸಿದ್ಧಪಡಿಸಿದರು. ರೇಷ್ಮೆ ಮಖಮಲ್ಲುಗಳ ಮೇಲೆ ವೀರನಾರಿ ಜೋನ್, ಕಾದಂಬರಿಗಾರ್ತಿ ಜೇನ್ ಆಸ್ಟಿನ್, ವಿಜ್ಞಾನಿ ಮೇರಿ ಕ್ಯೂರಿ ಇವರೇ ಮೊದಲಾದವರ ಹೆಸರುಗಳು ಮೆರೆದವು. ಬಾವುಟವೆಂದರೆ ಓದಿ ಮುಗಿಸುವ ಜಾಹೀರಾತಲ್ಲ, ಗಾಳಿಯಲ್ಲಿ ಆಡಬೇಕಾದ ಪೂಜ್ಯವಸ್ತು ಎಂಬುದು ಮೇರಿ ಲೌಂಡ್ಸಳ ಮತ. ದಸರೆಯ ನಿಶಾನೆ ಆನೆಯನ್ನು ಕಂಡ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಪ್ಯಾಂಕ್‌ಹರ್ಸ್ಟ್ ಪಕ್ಷದವರು ನೇರಳೆ, ಬಿಳಿ, ಹಸಿರು ಎಂಬ ಮೂರು ಬಣ್ಣಗಳನ್ನು ತಮ್ಮ ಲಾಂಛನವಾಗಿ ಸ್ವೀಕರಿಸಿದರು. ಘನತೆ, ಶುದ್ಧಿ, ಭರವಸೆ ಎಂದು ಅವುಗಳ ಅರ್ಥ. ೧೯೧೧ರ ಜೂನ್ ೧೭ರ ದೊಡ್ಡ ಮೆರವಣಿಗೆಯಲ್ಲಿ ಭಾರತೀಯ ಸ್ತ್ರೀಯರದೂ ಒಂದು ತಂಡವು ಸೀರೆಯುಟ್ಟು ನಡೆಯಿತು.

ನಗೆಯ ಪಾಲು ಇದಕ್ಕೆ ಕಡಮೆಯದಲ್ಲ. ೧೯೧೨ರ ಸುಮಾರಿನ ಒಂದು ಭಿತ್ತಿಪತ್ರದಲ್ಲಿ ಎರಡು ಸಾಲು ಚಿತ್ರಗಳಿವೆ. ಮೇಲಿನ ಸಾಲಿನಲ್ಲಿ, ಸ್ತ್ರೀಯು ನಗರಾಧ್ಯಕ್ಷೆಯಾಗಿದ್ದರೂ ದಾದಿಯಾಗಿದ್ದರೂ ತಾಯಿಯಾಗಿದ್ದರೂ ವೈದ್ಯಳೋ ಉಪಾಧ್ಯಾಯಿನಿಯೋ ಆಗಿದ್ದರೂ ಆಕೆಗೆ ವೋಟಿಲ್ಲ. ಕೆಳಗಿನ ಸಾಲಿನಲ್ಲಿ, ಪುರುಷನು ಸೆರೆಮನೆಗೆ ಹೋಗಿಬಂದವನಾಗಲಿ ಹುಚ್ಚನಾಗಿದ್ದವನಾಗಲಿ ಕುಡುಕನಾಗಲಿ ಅವನ ವೋಟು ಹೋಗುವುದಿಲ್ಲ. ಮೈಸೂರಿನವರು ಮೇಲಿನ ಸಾಲಿಗೆ ರಾಜ್ಯವಾಳಿದ ಮಹಾರಾಣಿಯೊಬ್ಬರನ್ನು ಸೇರಿಸಬಹುದಾಗಿತ್ತು. ಇನ್ನೂ ಸೊಗಸಾದುದು ಸಿಸಿಲಿ ಹ್ಯಾಮಿಲ್ಟನ್ ಮತ್ತು ಕ್ರಿಸ್ಟಫರ್ ಸೇಂಟ್ ಜಾನ್ ಎಂಬ ಅಂಕಿತವಿದ್ದ ಇನ್ನೊಬ್ಬ ಲೇಖಕಿ ಕೂಡಿ ೧೯೦೯ರಲ್ಲಿ ರಂಗಕ್ಕೆ ತಂದ ಪ್ರಹಸನ. ಹೆಂಗಸರನ್ನು ಗಂಡಸರೇ ಸಾಕುತ್ತಾರೆ, ಆದ್ದರಿಂದ ಅವರಿಗೆ ವೋಟು ಬೇಡ ಎಂದು ಸರ್ಕಾರ ಹೇಳುತ್ತದೆ. ಸರಿ, ದುಡಿಯುವ ಹೆಂಗಸರೆಲ್ಲ ಕೆಲಸ ಬಿಟ್ಟು, ಪೆಟ್ಟಿಗೆ ಗಂಟುಗಳೊಡನೆ ತಮ್ಮ ತಮ್ಮ ಹತ್ತಿರದ ಪುರುಷ ಬಂಧುಗಳ ಮನೆಗೆ ಸಾಕಿಸಿಕೊಳ್ಳಲು ಬರುತ್ತಾರೆ. ಚಿಕ್ಕ ಮನೆಯ ಬಡ ಗುಮಾಸ್ತನೊಬ್ಬನ ಬಾಗಿಲಿಗೆ ತಂಗಿ, ಸೋದರ ಸೊಸೆ, ದೂರದ ಅತ್ತೆ ಹೀಗೆ ಒಬ್ಬರ ಮೇಲೊಬ್ಬರು ಬಂದು ಇಳಿಯುತ್ತಾರೆ. ಸಂಜೆಯೊಳಗಾಗಿ ಊರಿನ ಗಂಡಸರೆಲ್ಲ ಹೆಂಗಸರಿಗೆ ವೋಟು ಕೊಡಿರೆಂದು ಕೂಗುತ್ತ ಪಾರ್ಲಿಮೆಂಟಿಗೆ ಓಡುತ್ತಾರೆ. ಅವಿಭಕ್ತ ಕುಟುಂಬದ ಯಜಮಾನರಿಗೆ ಈ ಪ್ರಹಸನದ ರಸವು ಲಂಡನ್ನಿನವರಿಗಿಂತ ಚೆನ್ನಾಗಿ ತಿಳಿದೀತು.

ಆ ಸ್ತ್ರೀಯರಲ್ಲಿ ಕೆಲವರು ಕಿಟಕಿಗಳನ್ನು ಒಡೆದರು, ಬೆಂಕಿಯಿಟ್ಟರು, ಅದನ್ನೆಲ್ಲ ಮೆಚ್ಚಬೇಕೆಂದಿಲ್ಲ. ಆದರೆ ೧೯೧೨ರ ಮಾರ್ಚ್ ತಿಂಗಳಿನಲ್ಲಿ ಹಾಲೊವೇ ಸೆರೆಮನೆಯನ್ನು ತುಂಬಿದವರು ಅಲ್ಲಿ ಮಾಡಿದ ಒಂದು ಕೆಲಸವನ್ನು ಮೆಚ್ಚದಿರಲಾಗದು. ಕೈದಿಗಳು ಒಂದು ಕರವಸ್ತ್ರದ ಮೇಲೆ ತಮ್ಮ ತಮ್ಮ ಹಸ್ತಾಕ್ಷರವನ್ನು ದಾರದಿಂದ ಹೊಲಿದರು. ೬೬ ಮಂದಿಯ ಹೆಸರುಗಳುಳ್ಳ ಅಂತಹ ಒಂದು ಕರವಸ್ತ್ರವು ಸಸೆಕ್ಸ್ ಪ್ರಾಂತದ ವೆಸ್ಟ್ ಹೋತ್ಲಿ ಗ್ರಾಮದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ರಾಜ್ಯವು ಅವರ ಸಹಿಗೆ ಬೆಲೆ ಕೊಡಲಿಲ್ಲ. ಅವರು ಅಳಿಸಲಾಗದ ಹಾಗೆ ಸಹಿ ಮಾಡಿದರು. ಇಂಗ್ಲೆಂಡಿನ ಸ್ತ್ರೀಯರಿಗೆ ೧೯೧೮ರಲ್ಲಿ ವಯಸ್ಸು ಆಸ್ತಿಗಳ ನಿರ್ಬಂಧದೊಡನೆಯೂ, ೧೯೨೮ರಲ್ಲಿ ಪುರುಷರಿಗೆ ಸಮನಾಗಿಯೂ ಮತ ದೊರೆಯಿತು.

ಅದೇ ಹಾಲೊವೇ ಸೆರೆಮನೆಯಲ್ಲಿ ೧೯೧೦ರಲ್ಲಿ ಒಂದು ತಿಂಗಳು ಇದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ೧೯೧೫ರಲ್ಲಿ ಭಾರತಕ್ಕೆ ಬಂದು, ೧೯೧೭ರಲ್ಲಿ ಅಡಯಾರಿನಲ್ಲಿ ಇತರರೊಡನೆ ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದರು. ಆ ವರ್ಷ ಭಾರತಮಂತ್ರಿ ಮಾಂಟೆಗೂ ಸಾಹೇಬರು ಈ ದೇಶಕ್ಕೆ ಬರುವರೆಂದು ತಿಳಿದಾಗ, ಸ್ತ್ರೀವಿದ್ಯಾಭ್ಯಾಸದ ವಿಷಯವಾಗಿ ನಿವೇದಿಸಿಕೊಳ್ಳಲು ಒಂದು ನಿಯೋಗಕ್ಕೆ ಅವಕಾಶ ಬೇಡಿದರು. ರಾಜಕೀಯ ವಿಷಯಗಳ ನಿಯೋಗಗಳನ್ನು ಮಾತ್ರವೇ ಸ್ವೀಕರಿಸಲಾಗುವುದೆಂದು ಕಚೇರಿಯಿಂದ ಉತ್ತರ ಬಂದಿತು. ಹಾಗಾದರೆ ರಾಜಕೀಯವೇ ಆಗಲೆಂದು ಕಸಿನ್ಸ್ ಅವರು ಮನವಿಯಲ್ಲಿ ಮತದಾನದ ಹಕ್ಕನ್ನು ಬರೆದು ಸೇರಿಸಿದರು. ಸ್ತ್ರೀಯರನ್ನು ಬಾಗಿಲಲ್ಲಿಯೇ ಹಿಂದಿರುಗಿಸಬೇಕೆಂದಿದ್ದ ಕಚೇರಿಯ ನಿಯಮವೇ ಅವರಿಗೆ ದೊಡ್ಡ ಬಾಗಿಲನ್ನು ತೋರಿಸಿದ ಹಾಗಾಯಿತು. ೧೯೧೭ರ ಡಿಸೆಂಬರ್ ೧೮ರಂದು ಮದರಾಸಿನಲ್ಲಿ ಸರೋಜಿನೀ ನಾಯ್ಡು ಅವರ ನೇತೃತ್ವದಲ್ಲಿ ನಿಯೋಗವು ಮಂತ್ರಿಯನ್ನು ಕಂಡಿತು. ಸೌತ್‌ಬರೋ ಸಮಿತಿಯವರು ಇನ್ನೂ ಕಾಲವಾಗಿಲ್ಲವೆಂದರು. ತೀರ್ಮಾನವನ್ನು ಪ್ರಾಂತಗಳಿಗೆ ಬಿಡಲಾಯಿತು. ೧೯೨೧ರಲ್ಲಿ ಮದರಾಸು, ಮುಂಬಯಿ ಪ್ರಾಂತಗಳು ಒಪ್ಪಿದವು.

ಮೈಸೂರು ಸಂಸ್ಥಾನದಲ್ಲಿ ರಾಜ್ಯಾಂಗ ಸುಧಾರಣೆಯನ್ನು ಕುರಿತು ವಿಚಾರಿಸಿದ ಸಮಿತಿಗೆ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಶೀಲರು ಅಧ್ಯಕ್ಷರು. ಆ ಸಮಿತಿಯ ವರದಿಯನ್ನನುಸರಿಸಿ ೧೯೨೩ರಲ್ಲಿ ಜಾರಿಗೆ ಬಂದ ಕಾನೂನುಗಳಲ್ಲಿ, ಸ್ತ್ರೀಯೆಂಬ ಕಾರಣಕ್ಕೆ ಮತವಿಲ್ಲವೆಂಬ ನಿರ್ಬಂಧವು ಹೋಯಿತು. ಆಸ್ತಿ ಕಂದಾಯಗಳ ಅರ್ಹತೆ ಹಾಗೆಯೇ ನಿಂತದ್ದರಿಂದ ನಿಜವಾಗಿ ಮತ ಪಡೆದ ಸ್ತ್ರೀಯರು ಸ್ವಲ್ಪ ಮಂದಿ. ಮನೆ ಹೊಲಗಳು ಯಾರ ಹೆಸರಿನಲ್ಲಿದ್ದುವೆಂಬುದು ಎಲ್ಲರಿಗೂ ತಿಳಿದದ್ದೇ.

ಈ ಹಕ್ಕು ಪ್ರಭುಗಳ ಔದಾರ್ಯದಿಂದಲೂ ಪಂಡಿತರ ವಿವೇಕದಿಂದಲೂ ಬಂದ ವರವೆಂದು ಹೇಳುವ ರೂಢಿಯುಂಟು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ ಅವರು ೧೯೧೩ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡಸಿದರು. ಬೆಂಗಳೂರಿನ ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ೧೯೧೭ರಿಂದ ನಾಲ್ಕು ದಶಕಗಳ ಕಾಲ ನಡಸಿದರು. ಸ್ತ್ರೀಯರು ಓದಿ, ಬರೆದು, ಅಭಿಪ್ರಾಯ ಹೇಳುವ ಅಭ್ಯಾಸವನ್ನು ಇಂತಹವರು ಮನೆಮನೆಗಳಲ್ಲಿ ಬೆಳೆಸಿದ ಮೇಲೆಯೇ ಕಾನೂನು ಬಂದದ್ದು. ಕನ್ನಡದ ಹೆಂಗಸರಿಗೆ ನಗೆಯೂ ಸೂಜಿಯೂ ಹೊಸತಲ್ಲ. ಬೀಗರ ಹಾಡಿನಲ್ಲಿ ಎಂತಹ ದೊಡ್ಡ ಮನುಷ್ಯನನ್ನಾದರೂ ಅವನ ಸಮಕ್ಷಮದಲ್ಲಿಯೇ ಹೀಯಾಳಿಸುವ ಅಧಿಕಾರ ಅವರಿಗೆ ಪರಂಪರೆಯಿಂದ ಬಂದಿದೆ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯುವರು. ಗವಂತಿಯ ಹೊಲಿಗೆಯಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ಬಗೆಯಾಗಿ ಕಾಣುತ್ತವೆ. ಗೋಪುರ, ತೇರು, ತೊಟ್ಟಿಲು, ತುಳಸೀವೃಂದಾವನಗಳ ಜೊತೆಗೆ ಅಂಬಾರಿ ಹೊತ್ತ ಆನೆಯೂ ಅಲ್ಲಿ ಬರುತ್ತದೆ. ಹೀಗಿದ್ದೂ ನಮ್ಮಲ್ಲಿ ಬೀಗರ ಹಾಡು ಮದುವೆಯ ಚಪ್ಪರವನ್ನು ದಾಟಲಿಲ್ಲ. ಕಸೂತಿಯು ಸೆರಗನ್ನು ಬಿಟ್ಟು ಬಾವುಟಕ್ಕೆ ಏರಲಿಲ್ಲ. ಅಚ್ಚಿನಲ್ಲಿ ಗೃಹಿಣಿಯ ನಗೆ ಕೇಳಿಬರಲು, ೧೯೪೨ರಲ್ಲಿ ರಾಶಿಯವರು ಪ್ರಾರಂಭಿಸಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಬರೆಯುವವರೆಗೆ ಕಾಯಬೇಕಾಯಿತು.

ಮತವನ್ನೂ ಮಗ್ಗವನ್ನೂ ಒಂದೇ ಬಾಳಿನಲ್ಲಿ ಕೂಡಿಸಿದವರೆಂದರೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ೧೯೦೩ರಲ್ಲಿ ಹುಟ್ಟಿದ ಅವರು, ಸ್ತ್ರೀಯರು ಉಮೇದುವಾರರಾಗಬಹುದೆಂದು ಮದರಾಸಿನಲ್ಲಿ ಅನುಮತಿ ದೊರೆತ ೧೯೨೬ರಲ್ಲಿಯೇ, ಮಾರ್ಗರೆಟ್ ಕಸಿನ್ಸರ ಪ್ರೋತ್ಸಾಹದಿಂದ ಶಾಸನಸಭೆಯ ಚುನಾವಣೆಗೆ ನಿಂತರು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಸೋತದ್ದು ಅತ್ಯಲ್ಪ ಮತಗಳ ಅಂತರದಿಂದ. ಸೋತರೂ ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಸ್ತ್ರೀಯೆಂಬ ಕೀರ್ತಿ ಅವರದಾಯಿತು. ಅನಂತರ ಉಪ್ಪಿನ ಸತ್ಯಾಗ್ರಹ, ಸೆರೆಮನೆ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರಪದವಿಗಳ ಹಿಂದೆ ಹೋಗದೆ, ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾಗಿ, ನೇಕಾರರನ್ನೂ ಕಸೂತಿಯವರನ್ನೂ ಹುಡುಕಿಕೊಂಡು ಊರೂರು ತಿರುಗಿದರು. ಭಾರತದ ಕಸೂತಿಯನ್ನು ಕುರಿತು ಒಂದು ಗ್ರಂಥವನ್ನೂ ಬರೆದರು. ಇದನ್ನು ರಾಜಕೀಯದಿಂದ ನಿವೃತ್ತಿಯೆಂದು ಕೆಲವರು ತಿಳಿದದ್ದುಂಟು. ಹೆಸರಿಲ್ಲದ ಕೈಗಳ ಕೆಲಸಕ್ಕೆ ಹೆಸರು ತರುವುದು ರಾಜಕೀಯವಲ್ಲವಾದರೆ ಯಾವುದು ರಾಜಕೀಯವೋ ತಿಳಿಯದು.

ಹೆಸರಿನ ಪ್ರಶ್ನೆಯು ಆ ದಿನಗಳಲ್ಲಿಯೇ ಬೇರೊಂದು ರೂಪದಲ್ಲಿ ಎದ್ದಿತ್ತು. ಸಂವಿಧಾನವು ವಯಸ್ಕರೆಲ್ಲರಿಗೂ ಮತ ಕೊಟ್ಟ ಮೇಲೆ, ೧೯೫೧–೫೨ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಸ್ತ್ರೀಯರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದೆಂದು ಚುನಾವಣಾ ಕಮಿಷನರ್ ಸುಕುಮಾರ ಸೇನರು ತೀರ್ಮಾನಿಸಿದರು. ಸುಮಾರು ೮ ಕೋಟಿ ಸ್ತ್ರೀ ಮತದಾರರಲ್ಲಿ ಸುಮಾರು ೨೮ ಲಕ್ಷ ಮಂದಿ ಹೀಗೆ ಬಿಟ್ಟುಹೋದರು. ನಮ್ಮ ಕಡೆಯ ಗೃಹಿಣಿಯರೂ ಹೆಸರಿನ ವಿಷಯದಲ್ಲಿ ಸಂಕೋಚದವರೇ. ಆದರೆ ಗಂಡನ ಹೆಸರನ್ನು ನೇರವಾಗಿ ಉಚ್ಚರಿಸಬಾರದೆಂಬ ಕಟ್ಟಳೆಯನ್ನು ಅವರು ಮುರಿಯದೆ, ಪಾಲಿಸದೆ, ಒಡಪು ಕಟ್ಟಿ ಹಾಸ್ಯದಲ್ಲಿ ಸುತ್ತಿ ಹೆಸರನ್ನು ಹೇಳಿಬಿಡುವರು. ಒಡಪಿನಲ್ಲಿ ತಮ್ಮ ಹೆಸರನ್ನೇ ಹೇಳಿಕೊಂಡವರು ಮಾತ್ರ ಅಪರೂಪ.

೨೦೧೮ರ ಜೂನ್ ೧೦ರಂದು ಬ್ರಿಟನ್ನಿನ ನಾಲ್ಕು ನಗರಗಳಲ್ಲಿ ಸ್ತ್ರೀಯರು ಮತದಾನದ ಶತಮಾನೋತ್ಸವವನ್ನು ನೇರಳೆ, ಬಿಳಿ, ಹಸಿರು ಬಟ್ಟೆಗಳನ್ನು ಹೊದ್ದು ಬೀದಿಗಳಲ್ಲಿ ನಡೆದು ಆಚರಿಸಿದರು. ಅದಕ್ಕಾಗಿ ೧೦೦ ಮಂದಿ ಕಲಾವಿದೆಯರು ಊರಿನ ಹೆಂಗಸರೊಡನೆ ಕುಳಿತು ಹೊಸ ಬಾವುಟಗಳನ್ನು ಹೊಲಿದಿದ್ದರು. ಮೈಸೂರಿನ ಕಾನೂನಿಗೆ ೨೦೨೩ರಲ್ಲಿ ನೂರು ತುಂಬಿತು. ಬನ್ನಿಮಂಟಪದ ಕಡೆಗೆ ಅಂಬಾರಿ ಈಗಲೂ ಹೋಗುತ್ತದೆ. ಆದರೆ ಸುಮಾರು ಅರ್ಧ ಶತಮಾನದಿಂದ ಅದರಲ್ಲಿ ಕುಳಿತಿರುವುದು ರಾಜನಲ್ಲ, ಸೀರೆಯುಟ್ಟ ಚಾಮುಂಡೇಶ್ವರಿ. ಬೀದಿಯ ವ್ಯವಸ್ಥೆ ಅಷ್ಟು ಮಟ್ಟಿಗೆ ಸರಿಹೋದಂತಾಯಿತು. ಉಳಿದಿರುವುದು ಮನೆಯ ಮೆಟ್ಟಿಲು. ಗಡ್ಡದ ಶೀಲರನ್ನು ವರದಿಯೊಡನೆ ಒಂದು ಕಡೆ, ಮಂಗಳೂರಿನ ಸೀರೆಯ ಕಮಲಾದೇವಿಯವರನ್ನು ಇನ್ನೊಂದು ಕಡೆ, ತಿರುಮಲಾಂಬ ಕಲ್ಯಾಣಮ್ಮನವರನ್ನು ಪತ್ರಿಕೆಗಳ ಸಮೇತ ನಡುವೆ ಕೂರಿಸಿ, ಹಿಂದುಗಡೆ ಮನೆಯ ಹೆಂಗಸರೆಲ್ಲರ ಹೆಸರು ಹೊಲಿದ ಒಂದು ಕಸೂತಿಯ ಬಟ್ಟೆಯನ್ನು ಇಳಿಬಿಡಲು ಹೆಚ್ಚು ಖರ್ಚು ತಗಲದು. ಜಾಗ ಸಾಲದಿದ್ದರೆ ಶೆಟ್ಟಿಯು ಅಂಗಡಿಯನ್ನು ಸ್ವಲ್ಪ ಅತ್ತ ಸರಿಸಿಕೊಳ್ಳಬಹುದು.